ಚಾನೊ ಕಟ್ಟಿದ ಸೊಟ್ಟ ಮರ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಲಾಸ್ ಏಂಜಲಿಸ್ ಹೊರವಲಯದ ಸಿನಿಮಾ ಸ್ಟುಡಿಯೊದ ತಗಡಿನ ಶೆಡ್ಡಿನಲ್ಲಿ ಫೆಲಿಸಿಯಾನೊ ಆರ್ಸೆ ರಬ್ಬರ್ ಪೈಪು ಹಿಡಿದು ಕುಂಡದ ತಾಳೆಗಿಡಗಳ ಮೈ ತೊಳೆಯುತ್ತಿದ್ದಾರೆ. ನಿನ್ನೆ ದೀಪಗಳ ಕಾವಿಗೆ ಬಾಡಿದ ಬಾಳೆಲೆಗಳಿಗೆ ಹಸಿರು ಬಣ್ಣ ಬಳಿಯುತ್ತಾರೆ. ಕ್ಯಾಮೆರಾದವರು ಬರುವಷ್ಟರಲ್ಲಿ ಆಫ್ರಿಕಾದ ಕಾಡು ಎದ್ದು ಸಿದ್ಧವಾಗಿರಬೇಕು. ಕೊನೆಗೆ ಮೂಲೆಯ ಸೊಟ್ಟ ಮರದ ಬಳಿ ಹೋಗಿ, ಬಿರುಕುಗಳಿಗೆ ಗಾರೆ ಮೆತ್ತುತ್ತಾರೆ. ಇವತ್ತು ಕಾಡ್ಗಿಚ್ಚಿನ ದೃಶ್ಯ. ಮೊದಲು ಅಂದುಕೊಂಡಂತೆ ನಡೆದಿದ್ದರೆ ಈ ಮರ ಇವತ್ತು ಬೂದಿಯಾಗುತ್ತಿತ್ತು.

ಎಲ್ಲರೂ ಅವರನ್ನು ಚಾನೊ ಎನ್ನುತ್ತಾರೆ. ಮೊದಲು ಕಿತ್ತಲೆ ತೋಟದಲ್ಲಿ ಕೂಲಿಗಿದ್ದರು. ಒಂದು ಚಳಿಗಾಲ ಹಿಮ ಬಿದ್ದು ತೋಟವೆಲ್ಲ ಸುಟ್ಟಂತೆ ಕಪ್ಪಾದಾಗ, ಗಿಡಕ್ಕೆ ನೀರು ಹಾಕುವ ಕೆಲಸವಿದೆಯೆಂದು ಕೇಳಿ ಇಲ್ಲಿಗೆ ಬಂದರು. ಏಣಿಯಿಂದ ಬಿದ್ದು ಒಂದು ಮಂಡಿ ಕೆಟ್ಟಿದೆ. ಆದರೂ ವಾರವಾರ ಬಿಡುಗಡೆಯಾಗುವ ಕಾಡಿನ ಕಂತುಚಿತ್ರಗಳಿಗೆ ಕಾಡು ಕಟ್ಟುವವರು ಇವರೇ. ನಾಯಕ ಜೋತಾಡುವ ಬಳ್ಳಿಯೂ ಇವರು ಗೋಣಿನಾರು ಸುತ್ತಿದ ಹಗ್ಗವೇ.

ಮನೆಯಲ್ಲಿ ಹೆಂಡತಿ ಒತಿಲಿಯಾಗೆ ಇದರ ಮೇಲೊಂದು ತಕರಾರಿದೆ. "ಬಾಗಿಲಲ್ಲಿರೋ ನಿಂಬೆಗಿಡ ಒಣಗ್ತಾ ಇದೆ. ನಮ್ಮ ಯಜಮಾನ್ರು ಅಲ್ಲಿ ಗಾರೆ ಮರಕ್ಕೆ ಸ್ನಾನ ಮಾಡಿಸ್ತಾರೆ!"

ಆ ಗಾರೆ ಮರವೇ ಈ ಸೊಟ್ಟ ಮರ. ಕೋಳಿಗೂಡಿನ ತಂತಿಬಲೆಗೆ ಗಾರೆ ಮೆತ್ತಿ, ಅಡಿಗೆ ಚಕ್ರ ಇಟ್ಟು ಚಾನೊ ಕಟ್ಟಿದ್ದು. ಸ್ಟುಡಿಯೊದಲ್ಲಿ ಇರುವುದು ಒಂದೇ ಹಿಡಿ ಕಾಡು. ನಾಯಕ ಎಡದಿಂದ ಓಡುತ್ತಾನೆ, ಇವರು ಮರವನ್ನು ಅತ್ತ ತಳ್ಳುತ್ತಾರೆ, ಅವನು ಬಲದಿಂದ ಓಡುತ್ತಾನೆ. ಅಲ್ಲಿಗೆ ಮತ್ತೊಂದು ಕಾಡು ಸಿದ್ಧ.

ಮಕ್ಕಳ ಕಣ್ಣಿಗೆ ಮಣ್ಣೆರಚುವುದು ಸುಲಭವಲ್ಲ. ಮೊದಲ ಕಂತುಗಳು ಓಡತೊಡಗಿದಾಗಲೇ ಥಿಯೇಟರಿನವರು ಫೋನ್ ಮಾಡಿದರು: ಅದೇ ಸೊಟ್ಟ ಮರ ಮತ್ತೆ ಮತ್ತೆ ಬಂದಾಗಲೆಲ್ಲ ಮಕ್ಕಳು ಕೂಗುತ್ತಿದ್ದಾರೆ. ಅದು ಗೇಲಿಯೆಂದುಕೊಂಡ ನಿರ್ದೇಶಕ ಹಾಲ್‌ಸ್ಟೆಡ್‌ಗೆ ಉರಿದುಹೋಯಿತು. "ಚಾನೊ, ನಿನ್ನ ಮರ ನಮ್ಮ ಮರ್ಯಾದೆ ತೆಗೀತಿದೆ. ಕಾಡ್ಗಿಚ್ಚಿನ ಸೀನಲ್ಲಿ ಮೊದಲು ಅದನ್ನೇ ಸುಡೋಣ."

ಚಾನೊಗೆ ಊಟ ಸೇರದಾಯಿತು. ಒತಿಲಿಯಾ ಸುತ್ತಿಕೊಟ್ಟ ಕಾಳುಪಲ್ಯದ ರೊಟ್ಟಿ ಹಾಗೇ ವಾಪಸು ಬಂತು. "ಅಷ್ಟು ದಿನ ಜೊತೇಲಿದ್ದದ್ದು, ಸಂಕಟ ಆಗಲ್ವಾ?" ಎನ್ನುತ್ತಾರೆ ಚಾನೊ.

ಆ ಶನಿವಾರ ಹಾಲ್‌ಸ್ಟೆಡ್ ತಾವೇ ಥಿಯೇಟರಿಗೆ ಬಂದು ಹಿಂದಿನ ಸಾಲಿನಲ್ಲಿ ಕೂತರು. ಪ್ರತಿ ವಾರ ಬರುವ ಚಾನೊ ದಂಪತಿ ಅವರ ಮುಂದಿನ ಸಾಲಿನಲ್ಲೇ ಇದ್ದರು. ಹಿಂದಿನ ವಾರ ನಾಯಕ ಮೊಸಳೆ ಮಡುವಿಗೆ ಬಿದ್ದಲ್ಲಿಗೆ ಕಂತು ನಿಂತಿತ್ತು. ಏಳು ದಿನ ಉಸಿರು ಹಿಡಿದುಕೊಂಡವರಂತೆ ಮಕ್ಕಳು ಕೂತಿದ್ದರು. ಪರದೆಯ ಮೇಲೆ ನೀರು, ಬಾಲ, ನೊರೆ. ಆಮೇಲೆ ದಡದಲ್ಲಿ ಸೊಟ್ಟ ಮರ.

"ಮರ ಬಂತು! ಮರ ಬಂತು!" ಎಂದು ಥಿಯೇಟರು ಹಾರಿಹೋಗುವಂತೆ ಕೂಗು. "ಈ ಕಡೆ ಬಾರೋ! ಕೊಂಬೆ ಹಿಡ್ಕೊ!" ಅದು ಗೇಲಿಯಲ್ಲ, ಸಂತೋಷ. ಮರ ಕಂಡರೆ ನಾಯಕ ಉಳಿದ ಎಂದೇ ಮಕ್ಕಳ ಲೆಕ್ಕ. ಹಾಲ್‌ಸ್ಟೆಡ್ ಬಗ್ಗಿ ಚಾನೊ ಕಿವಿಯಲ್ಲಿ ಹೇಳಿದರು: "ಸುಡೋದು ಬೇಡ. ಬೆಂಕಿ ಬಂದಾಗ ನನ್ನ ಹೀರೊ ಅದನ್ನೇ ಹತ್ತಿ ಉಳ್ಕೊಳ್ಲಿ. ಭಾರ ತಡೆಯುತ್ತಾ?"

"ನೀವೂ ಹತ್ತಿ ಸಾಹೇಬ್ರೇ, ತಡೆಯುತ್ತೆ!"

ಇವತ್ತು ಬೆಂಕಿ ಹೊತ್ತಿಕೊಳ್ಳುತ್ತದೆ, ಹೊಗೆ ಏಳುತ್ತದೆ, ನಾಯಕ ಓಡಿ ಬಂದು ಕೊಂಬೆಗೆ ಜಿಗಿಯುತ್ತಾನೆ. ಎಲ್ಲರ ಕಣ್ಣು ಅವನ ಮೇಲೆ. ಚಾನೊ ಮಾತ್ರ ಬುಡವನ್ನೇ ನೋಡುತ್ತಾರೆ. ಹೊಸ ಗಾರೆ ಬಿರಿಯಲಿಲ್ಲ. ಹಾಲ್‌ಸ್ಟೆಡ್ "ಸಾಕು" ಎಂದು ಕೂಗಿದ ಮೇಲೆ, ಮಸಿ ಹಿಡಿದ ಎಲೆಗಳಿಗೆ ಮತ್ತೆ ಪೈಪು ಹಿಡಿಯುತ್ತಾರೆ.

ಇನ್ನೇನಾದರೂ ಆಸೆಯಿದೆಯೇ ಎಂದು ಕೇಳಿದರೆ ಸ್ವಲ್ಪ ಹೊತ್ತು ನಗುತ್ತಾರೆ.

"ಈ ಕಂತು ಥಿಯೇಟರಿಗೆ ಬರೋ ಶನಿವಾರ, ಮರ ಕಂಡಾಗ ಮಕ್ಕಳ ಜೊತೆ ನಾನೂ ಕೂಗ್ಬೇಕು. ಇಷ್ಟು ದಿನ ನಾಚ್ಕೆ ಆಗ್ತಿತ್ತು. ಈ ಸಲ ಕೂಗಿಬಿಡ್ತೀನಿ."