ಅತ್ತೆಗೆ ತೋರಿಸದ ಸಮುದ್ರ

“ಸಮುದ್ರಕ್ಕ ಇವತ್ತ ಯಾರ್ನೂ ಬಿಡೂದಿಲ್ಲಂತ್ರಿ, ಅತ್ತಿ.”

ಇದು ನಾನು ಹೇಳಿದ ಸುಳ್ಳು. ನನಗೆ ಯಾರೂ ಹಾಗೆ ಹೇಳಿರಲಿಲ್ಲ. ನಾನು ಯಾರನ್ನೂ ಕೇಳಿರಲೂ ಇಲ್ಲ. ಮಂಗಳೂರಿನ ಒಂದು ಛತ್ರದ ಕೋಣೆಯ ಬಾಗಿಲಲ್ಲಿ ನಿಂತು, ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಿದ್ದ ನನ್ನ ಗಂಡನ ತಾಯಿಗೆ ಇಷ್ಟು ಹೇಳಿದೆ. ಹೇಳಿ, ಅವರನ್ನು ಅಲ್ಲೇ ಕೂರಿಸಿ, ನಾನೊಬ್ಬಳೇ ಹೋಗಿ ಸಮುದ್ರ ನೋಡಿ ಬಂದೆ.

ಸಣ್ಣದು ಅನ್ನಿಸಬಹುದು. ನನ್ನ ಗಂಡನಿಗೂ ಹಾಗೇ ಅನ್ನಿಸಿತು. ಈ “ಸಣ್ಣದು” ಅನ್ನುವ ಮಾತು ಕೇಳಿದಾಗಲೆಲ್ಲ ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ — ಸಣ್ಣದಾಗಿದ್ದರೆ ಅಷ್ಟು ವರ್ಷ ನನ್ನ ಬಾಯಿಂದ ಯಾಕೆ ಹೊರಗೆ ಬರಲಿಲ್ಲ?

ನನ್ನ ತವರು ಹುನಗುಂದ. ಮದುವೆಯಾಗಿ ಬಂದದ್ದು ಇಳಕಲ್‌ಗೆ. ಗಂಡನದು ಸೀರೆ ವ್ಯಾಪಾರ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಮಂಗಳೂರಿನ ಬಟ್ಟೆ ಅಂಗಡಿಯವರೊಬ್ಬರು ನಮ್ಮ ಕಡೆಯ ಸೀರೆ ನೋಡಬೇಕು ಅಂದಿದ್ದರಂತೆ. “ಹೆಂಗೂ ಹೊಂಟೀನಿ, ಮೂರೂ ಮಂದಿ ಹೋಗೂಣು. ಊರು ನೋಡಿಧಂಗ ಆಗತೈತಿ” ಎಂದರು ಇವರು. ಅಲ್ಲಿಯವರೆಗೆ ನಾನು ಕಂಡ ದೂರದ ಊರು ಬಾದಾಮಿ. ಸಾಲಿಯ ಪುಸ್ತಕದಲ್ಲಿ ಓದಿದ್ದ ಬಂದರು, ಹಡಗು, ಕೆಂಪು ಹಂಚಿನ ಊರು — ಅದನ್ನು ಕಣ್ಣಾರೆ ನೋಡುತ್ತೇನೆ ಎಂದು ಹೊರಡುವ ತನಕ ನನಗೆ ಅನ್ನ ಸೇರಲಿಲ್ಲ.

ಅತ್ತೆಗೂ ಆಸೆಯಿತ್ತು. ಆದರೆ ಒಂದೇ ಒಂದು. ಅವರು ಹುಟ್ಟಿ ಬೆಳೆದದ್ದು ಕೂಡಲಸಂಗಮದಲ್ಲಿ. ಎರಡು ಹೊಳೆ ಕೂಡುವಲ್ಲಿ ಬಟ್ಟೆ ಒಗೆದು ದೊಡ್ಡವರಾದವರು. “ಗುಡಿ ನಮ್ಮ ಕಡೆ ಏನ್ ಕಡಿಮಿ ಅದಾವೇನ? ಬಾದಾಮಿ ಐತಿ, ಮಹಾಕೂಟ ಐತಿ. ಸಮುದ್ರ ಒಂದ ಇಲ್ಲ” ಎಂದು ಬುತ್ತಿ ಕಟ್ಟುವಾಗ ಹೇಳಿದರು. “ಆಚೀ ದಂಡಿ ಇಲ್ಲದ ನೀರು ಅಂದ್ರ ಹೆಂಗಿರತೈತಿ, ಗಿರಿಜಾ? ಅದೊಂದ ನೋಡಿದ್ರ ಸಾಕು ನಂಗ.”

ಅವರು ಕೆಟ್ಟ ಅತ್ತೆಯಾಗಿದ್ದರೆ ಇದನ್ನು ಬರೆಯುವ ಅಗತ್ಯವೇ ಬೀಳುತ್ತಿರಲಿಲ್ಲ. ನನ್ನನ್ನು ಒಂದು ದಿನವೂ ಬೈದವರಲ್ಲ. ಆದರೆ ಮೊಣಕಾಲು ಹೋಗಿತ್ತು. ಹೊಸ ಊರಿನಲ್ಲಿ ಹೆದರಿಕೆ ಬೇರೆ. ಬಸ್ಸಿನಿಂದ ಇಳಿದ ಗಳಿಗೆಯಿಂದ ನನ್ನ ಮುಂಗೈ ಹಿಡಿದವರು ಬಿಡಲಿಲ್ಲ. “ಅವ್ವನ್ನ ಜ್ವಾಕಿಲೆ ನೋಡ್ಕೊ” ಎಂದು ಇವರು ಒಂದು ಮಾತು ಹೇಳಿ ಮುಂದೆ ಮುಂದೆ ನಡೆದುಬಿಡುತ್ತಿದ್ದರು. ಕದ್ರಿಯ ಗುಡಿಯಲ್ಲಿ ಮೇಲಿನ ಕೆರೆಗಳನ್ನು ನೋಡಿ ಬಂದದ್ದು ಇವರು. ಕೆಳಗೆ ಚಪ್ಪಲಿ ಕಾಯ್ದದ್ದು ನಾನು. ಸುಲ್ತಾನ್ ಬತ್ತೇರಿಯ ಬುರುಜು ಹತ್ತಿ, “ಅಲ್ಲಿ ದೂರ ಸಮುದ್ರ ಕಾಣತೈತಿ!” ಎಂದು ಕೂಗಿದ್ದು ಇವರು, ಕೆಳಗೆ ಕಟ್ಟೆಯ ಮೇಲೆ ಅತ್ತೆಯ ಮೊಣಕಾಲು ನೀವುತ್ತ ಕೂತದ್ದು ನಾನು. ಮಾಳಿಗೆಯ ಒಳಮೈ ತುಂಬ ಚಿತ್ರ ಬರೆದ ಇಗರ್ಜಿಗೆ ಮೂವರೂ ಹೋದೆವು ನಿಜ — ಆದರೆ ನಾನು ಕತ್ತೆತ್ತುವಷ್ಟರಲ್ಲಿ ಅತ್ತೆಗೆ ಕತ್ತು ಹಿಡಿಯಿತು. ಹೊರಗೆ ಕರೆದುಕೊಂಡು ಬಂದೆ. ಎಲ್ಲೆಲ್ಲೂ ಮೀನಿನ ವಾಸನೆ ಎಂದು ಹೋಟೆಲಿನ ಮೆಟ್ಟಿಲು ಹತ್ತಲು ಒಪ್ಪುತ್ತಿರಲಿಲ್ಲ. ಅವರ ಜೊತೆ ನಾನೂ ಕೋಣೆಯಲ್ಲಿ ಕೂತು ಮನೆಯಿಂದ ತಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಿಂದೆ. ಮಂಗಳೂರಿಗೆ ಹೋಗಿ ರೊಟ್ಟಿ! ಇವರು ಮಾತ್ರ ಹೊರಗೆ ಹೋಗಿ ಅದೇನೋ ಕಡುಬು ತಿಂದು ಬಂದು ರುಚಿ ವರ್ಣಿಸಿದರು.

ಸಿಟ್ಟು ಬರಬೇಕಾದದ್ದು ಇವರ ಮೇಲೆ. ಬಂದಿತ್ತು ಕೂಡ. ಆದರೆ ಇವರಿಗೆ ಏನನ್ನಾದರೂ ಅನ್ನುವ ಧೈರ್ಯ ಆಗ ನನಗೆಲ್ಲಿತ್ತು — ಆ ಸಿಟ್ಟೆಲ್ಲ ನನ್ನ ಮುಂಗೈ ಹಿಡಿದ ಆ ಕೈಯ ಕಡೆಗೇ ತಿರುಗಿತು.

ಕೊನೆಯ ದಿನ ಉಳಿದಿದ್ದು ಸಮುದ್ರವೊಂದೇ. ಇವರಿಗೆ ಅಂಗಡಿಯ ಕೆಲಸವಿತ್ತು. ಸೀರೆಯ ಗಂಟು ಎತ್ತಿಕೊಂಡು ಹೊರಡುವಾಗ ಹೇಳಿದರು: “ಸೋಮೇಶ್ವರಕ್ಕ ಬಸ್ ಅದಾವ. ಸಮುದ್ರದ ದಂಡಿಗೇ ಶಿವನ ಗುಡಿ ಐತಂತ. ಅವ್ವನ್ನ ಕರಕೊಂಡ ಹೋಗಿ ಬಾ. ನೀನೂ ನೋಡಿಧಂಗ ಆಗತೈತಿ.”

ನೀನೂ. ನಾನು ಅಲ್ಲಿಗೆ ಬಂದದ್ದೇ ನೋಡಲಿಕ್ಕೆ ಎಂಬುದು ಆ ಮನುಷ್ಯನ ತಲೆಗೆ ಒಂದು ಸಲವೂ ಹೊಳೆದಿರಲಿಲ್ಲ.

ಅತ್ತೆಯ ಸ್ನಾನವಾಯಿತು, ವಿಭೂತಿ ಹಚ್ಚಿ ಲಿಂಗಪೂಜೆಗೆ ಕೂತರು. ಎಂದಿಗಿಂತ ಹೆಚ್ಚು ಹೊತ್ತು ಕೂತರು. ನಾನು ಸೀರೆ ಉಟ್ಟು, ತಲೆ ಬಾಚಿ, ಹೊರಗೆ ನಿಂತೆ, ಒಳಗೆ ಬಂದೆ, ಮತ್ತೆ ಹೊರಗೆ ನಿಂತೆ. ಬೀದಿಯ ತುದಿಯಲ್ಲೇ ಬಸ್ಸು ಸಿಗುತ್ತದೆ ಎಂದು ಪಕ್ಕದ ಅಂಗಡಿಯಾತ ಹೇಳಿದ. ತಿರುಗಿ ಬಂದರೆ ಅತ್ತೆ ಉಟ್ಟ ಸೀರೆ ಬಿಚ್ಚಿ ಇನ್ನೊಂದನ್ನು ಉಡುತ್ತಿದ್ದರು. “ಸಮುದ್ರಕ್ಕ ಹೋಗೂದಂದ್ರ ಚೊಲೋದ ಉಡಬೇಕಲ್ಲವ್ವಾ” ಎಂದು ನಕ್ಕರು.

ಆಗಲೇ ಆ ಮಾತು ಬಾಯಿಂದ ಬಂದದ್ದು. ಮೊದಲೇ ಯೋಚಿಸಿರಲಿಲ್ಲ — ಆದರೆ ಬಂದ ಮೇಲೆ ತಡೆಯಲೂ ಇಲ್ಲ. “ಅಲೆ ಭಾಳ ಜೋರ ಅದಾವಂತ. ಪೊಲೀಸರ ನಿಂತಾರಂತ” ಎಂದು ಸೇರಿಸಿದೆ.

ಅತ್ತೆಯ ಕೈ ನೆರಿಗೆಯ ಮೇಲೇ ನಿಂತಿತು. “ಹೌದಾ?” ಎಂದರು. “ನಮ್ಮ ಕಡೀನೂ ಹೊಳಿ ಬಂದಾಗ ಹಿಂಗ ಬಿಡೂದಿಲ್ಲ ನೋಡ” ಎಂದು ತಾವೇ ನನಗೆ ಸಮಾಧಾನ ಹೇಳಿದರು.

ನನಗೆ ತಲೆನೋವು, ಗುಳಿಗೆ ತರುತ್ತೇನೆ, ಇನ್ನೊಮ್ಮೆ ಎಲ್ಲಾದರೂ ವಿಚಾರಿಸಿಕೊಂಡೂ ಬರುತ್ತೇನೆ ಎಂದು ಹೇಳಿ ಹೊರಬಿದ್ದೆ.

ಸಮುದ್ರದ ಬಗ್ಗೆ ಏನು ಬರೆಯಲಿ! ಬಂಡೆಗಳ ಮೇಲೆ ಗುಡಿ, ಅದರ ಬುಡಕ್ಕೆ ಬಂದು ಒಡೆಯುವ ನೀರು. ಸೀರೆ ಎತ್ತಿ ಹಿಡಿದು ಮೊಣಕಾಲುದ್ದ ನಿಂತೆ. ಅಲೆ ಹಿಂದೆ ಸರಿಯುವಾಗ ಅಂಗಾಲಿನ ಕೆಳಗಿನ ಉಸುಕು ಜಾರಿ ನನ್ನನ್ನೂ ಎಳೆಯುತ್ತಿತ್ತು. ಯಾರೂ ನನ್ನ ಕೈ ಹಿಡಿದಿರಲಿಲ್ಲ. ಮದುವೆಯಾದ ಮೇಲೆ ಮೊದಲ ಸಲ ನಾನೊಬ್ಬಳೇ ಒಂದು ಕಡೆ ನಿಂತಿದ್ದೆ. ಜೋರಾಗಿ ನಕ್ಕೆ. ಅತ್ತೆಯ ನೆನಪಾಗಿ ಕಣ್ಣು ತುಂಬಿತು ಎಂದು ಬರೆದರೆ ಚೆಂದ ಕಾಣುತ್ತಿತ್ತು. ಆದರೆ ಆ ಹೊತ್ತಿನಲ್ಲಿ ಅವರ ನೆನಪೇ ನನಗೆ ಬರಲಿಲ್ಲ. ಇದನ್ನೂ ಒಪ್ಪಿಕೊಳ್ಳಬೇಕು.

ಛತ್ರಕ್ಕೆ ಬಂದಾಗ ಅತ್ತೆ ಕಿಟಕಿಯ ಹತ್ತಿರ ಕೂತಿದ್ದರು. ಆ ಒಳ್ಳೆಯ ಸೀರೆಯನ್ನು ಬಿಚ್ಚಿರಲಿಲ್ಲ. ನನ್ನನ್ನು ಕಂಡು ಗಾಬರಿಯಾಗಿ, “ಸೀರಿ ಯಾಕ ಹಸಿ ಆಗೇತಿ?” ಎಂದು ಕೇಳಿದರು.

“ನಳದ ಕಟ್ಟಿ ಮ್ಯಾಲ ಜಾರಿದ್ನಿರಿ. ಕಾಲು ಉಳುಕೇತಿ.”

ಆಗಿನ್ನೂ ಹೊತ್ತಿತ್ತು. “ಈಗ ಬಿಡಾಕ ಹತ್ಯಾರಂತ, ನಡೀರಿ” ಎಂದಿದ್ದರೆ ಆಗಿಹೋಗುತ್ತಿತ್ತು. ಆದರೆ ಕಾಲು ಉಳುಕಿದೆ ಎಂದುಬಿಟ್ಟಿದ್ದೆನಲ್ಲ — ಉಳುಕಿದ ಕಾಲಿನವಳು ಬಸ್ಸು ಹತ್ತುವುದು ಹೇಗೆ? ಅವರು ನನ್ನನ್ನು ಗೋಡೆಗೆ ಒರಗಿಸಿ ಕೂರಿಸಿದರು. ತಮ್ಮ ಮೊಣಕಾಲಿಗೆಂದು ತಂದಿದ್ದ ಎಣ್ಣೆಯನ್ನು ಅಂಗೈಗೆ ಸುರುವಿಕೊಂಡು ನನ್ನ ಪಾದ ತಿಕ್ಕತೊಡಗಿದರು. ಬ್ಯಾಡ್ರಿ ಅಂದೆ. “ಸುಮ್ನ ಕೂಡ. ನನ್ನ ಸಲುವಾಗಿ ಓಡ್ಯಾಡಿ ಕಾಲು ಉಳುಕಿಸಿಕೊಂಡಿ” ಅಂದರು. ಬೆರಳುಗಳ ಸಂದಿಯಲ್ಲಿ ಉಸುಕು ಇನ್ನೂ ಇತ್ತು. ಅದು ಅವರ ಕೈಗೆ ತಾಗಿತೋ, ತಾಗಿದರೂ ತಿಳಿಯಲಿಲ್ಲವೋ — ನನಗೆ ಇವತ್ತಿಗೂ ಗೊತ್ತಿಲ್ಲ.

ಇಳಕಲ್‌ಗೆ ಬಂದ ಮೇಲೆ ನನ್ನ ಶಿಕ್ಷೆ ಶುರುವಾಯಿತು. ಓಣಿಯ ಹೆಂಗಸರು ಬಂದು “ಸಮುದ್ರ ಹೆಂಗೈತಿ ಬೇ?” ಎಂದು ಕೇಳಿದರೆ ಅತ್ತೆ, “ಬಿಡಲಿಲ್ಲ ಅವತ್ತ. ಆದ್ರ ನನ್ನ ಸೊಸಿ ನೋಡ್ರಿ, ಯಾರ್ಯಾರ್ನೋ ಕೇಳಿ ಬರಾಕ ಹೋಗಿ ಬಿದ್ದ ಬಂದ್ಲು ನನ್ನ ಸಲುವಾಗಿ” ಎನ್ನುತ್ತಿದ್ದರು. ಮದುವೆಗೆ ಹೋದರೂ ಅದೇ, ತೊಟ್ಟಿಲಿಗೆ ಹೋದರೂ ಅದೇ. ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯರಿಗೆ ನನ್ನನ್ನು ತೋರಿಸಿ, “ಸೊಸಿ ಅಂದ್ರ ಹಿಂಗಿರಬೇಕು” ಎಂದು ಬುದ್ಧಿ ಹೇಳುವ ತನಕ ಹೋಯಿತು. ನಾನು ತಲೆ ತಗ್ಗಿಸಿದರೆ ಅದನ್ನೂ ನನ್ನ ವಿನಯ ಎಂದುಕೊಂಡರು. ಎಷ್ಟು ಸಲ ಕೂಗಿಬಿಡಬೇಕು ಅನ್ನಿಸಿದೆ — ನಿಲ್ಲಿಸ್ರಿ, ಸಾಕು! ಕೂಗಲಿಲ್ಲ.

ಹೇಳುವುದು ಆಗದಿದ್ದರೆ ಸರಿಪಡಿಸೋಣ ಎಂದುಕೊಂಡೆ. ಇನ್ನೊಮ್ಮೆ ಹೋಗೋಣ ಎಂದು ಇವರ ಬೆನ್ನು ಬಿದ್ದೆ. ಒಂದು ವರ್ಷ ಮಗ ಹುಟ್ಟಿದ, ಒಂದು ವರ್ಷ ಮಗಳು. ಮುಂದಿನ ವರ್ಷ ವ್ಯಾಪಾರ ಸರಿಯಿಲ್ಲ ಎಂದರು. ಕೊನೆಗೊಮ್ಮೆ ರೇಗಿ, “ಏನೈತಿ ಅಲ್ಲಿ? ಬರೇ ನೀರು” ಎಂದರು. ಆ ಉತ್ತರ ಕೇಳಿ ಕೈಯಲ್ಲಿದ್ದ ತಾಟನ್ನು ನೆಲಕ್ಕೆ ಕುಕ್ಕಿದೆ. ಇವಳಿಗೆ ತಿರುಗಾಟದ ಹುಚ್ಚು ಎಂದುಕೊಂಡರು.

ಆಮೇಲೆ ಎಂಬತ್ತರ ದಶಕದ ನಡುವೆ ಒಂದು ದಿನ, ಅತ್ತೆಯನ್ನೂ ಮಕ್ಕಳನ್ನೂ ಕರೆದುಕೊಂಡು ಮಹಾಕೂಟಕ್ಕೆ ಹೋಗಿದ್ದೆವು. ಅಷ್ಟರಲ್ಲಿ ಅತ್ತೆಯ ಕಣ್ಣಿಗೆ ಪೊರೆ ಬಂದಿತ್ತು. ಪುಷ್ಕರಿಣಿಯ ಮೆಟ್ಟಿಲ ಮೇಲೆ ಕೂತು ನೀರಿನಲ್ಲಿ ಕಾಲು ಇಳಿಬಿಟ್ಟರು. ಮಕ್ಕಳು ಆಚೆ ಇವರ ಜೊತೆ ಇದ್ದರು. ನಾವಿಬ್ಬರೇ. ಅತ್ತೆ ಕಾಲನ್ನು ಮೆಲ್ಲಗೆ ಆಡಿಸುತ್ತ ಕೇಳಿದರು: “ಸಮುದ್ರನೂ ಹಿಂಗ ತಣ್ಣಗಿರತೈತೇನ, ಗಿರಿಜಾ?”

ನನಗೆ ಗೊತ್ತಿತ್ತು. ಅದು ತಣ್ಣಗಿರಲಿಲ್ಲ, ಬೆಚ್ಚಗಿತ್ತು. ಉಸುಕು ಜಾರುವುದು, ತುಟಿಗೆ ಹತ್ತುವ ಉಪ್ಪು, ಆಚೆ ದಂಡೆ ಇಲ್ಲದೆ ಕಣ್ಣು ಎಲ್ಲಿ ನಿಲ್ಲಬೇಕೋ ತಿಳಿಯದೆ ಹೋಗುವುದು — ಎಲ್ಲ ಗೊತ್ತಿತ್ತು. ಹೇಳಿದ್ದರೆ ಅವರು ಅಷ್ಟನ್ನಾದರೂ ಪಡೆಯುತ್ತಿದ್ದರು. ಬಾಯಿ ತೆರೆದೆ.

“ನಂಗೇನ ಗೊತ್ತ್ರಿ, ಅತ್ತಿ. ನಾನೂ ನೋಡಿಲ್ಲಲ್ರಿ” ಎಂದೆ.

ಮೊದಲ ಸುಳ್ಳನ್ನು ಸಿಟ್ಟಿನಲ್ಲಿ ಹೇಳಿದ್ದೆ. ಇದನ್ನು ಯಾವುದರಲ್ಲಿ ಹೇಳಿದೆ? ನನ್ನ ಹೆಸರು ಉಳಿಸಿಕೊಳ್ಳಲು — ಬೇರೆ ಉತ್ತರ ಸಿಕ್ಕಿಲ್ಲ. “ಹೌದಲ್ಲ, ನೀನೂ ನೋಡಿಲ್ಲ ಪಾಪ” ಎಂದು ಅವರು ನನ್ನ ಬೆನ್ನು ಸವರಿದರು.

ಮುಂದಿನ ಚಳಿಗಾಲಕ್ಕೆ ಅತ್ತೆ ಲಿಂಗೈಕ್ಯರಾದರು.

ಅವರು ಹೋದ ಮೇಲೆ ಗಂಡನಿಗೆ ಹೇಳಿದೆ. ಇವರು ಲೆಕ್ಕದ ನಡುವೆ ತಲೆಯೆತ್ತಿ, “ಇಷ್ಟಕ್ಕ ಅಳಾಕ ಹತ್ತಿ? ಸಣ್ಣದು, ಬಿಡು. ಆದ್ರ ಶಾಂತವ್ವನ ಮುಂದ ಹೇಳಬ್ಯಾಡ” ಎಂದರು. ಶಾಂತವ್ವ ನನ್ನ ನಾದಿನಿ, ಅತ್ತೆಯ ಒಬ್ಬಳೇ ಮಗಳು. ಕೊಟ್ಟದ್ದು ಶಿರೂರಿಗೆ. ಬೈಯಲಿ, ಹೊಡೆಯಲಿ, ಏನಾದರೂ ಮಾಡಲಿ ಎಂದು ಹೇಳಿದ ನನಗೆ ಇವರಿಂದ ಸಿಕ್ಕದ್ದು ಇದು. ಒಳ್ಳೆಯವಳೆಂಬ ಆ ಸುಳ್ಳು ಬಿರುದು ಮೊದಲಿಗಿಂತಲೂ ಬಿಗಿಯಾಗಿ ನನ್ನ ಮೈಗೆ ಅಂಟಿತು. ವರ್ಷಾಬ್ದಿಕದ ದಿನ ಶಾಂತವ್ವ ಬಂದವರೆದುರು ನನ್ನ ಕೈ ಹಿಡಿದು, “ನಮ್ಮವ್ವಗ ನನಗಿಂತ ಹೆಚ್ಚು ನಮ್ಮ ವೈನಿ” ಎಂದಾಗ ನನಗೆ ತಡೆಯಲಾಗಲಿಲ್ಲ. ಮರುವಾರ ಇವರಿಗೆ ಹೇಳದೆ ಶಿರೂರಿನ ಬಸ್ಸು ಹತ್ತಿದೆ.

ಶಾಂತವ್ವ ಚಹಾ ಮಾಡಿ ಕೊಟ್ಟು ಎದುರಿಗೆ ಕೂತಳು. ಎಲ್ಲ ಹೇಳಿದೆ — ಛತ್ರ, ಸಮುದ್ರ, ಕಾಲು, ಮಹಾಕೂಟ. ನಾನು ಮುಗಿಸಿದ ಮೇಲೆ ಅವಳು, “ನನಗ ಯಾಕ ಹೇಳಿದ್ರಿ, ವೈನಿ?” ಎಂದಳು.

“ಬಚ್ಚಿಟ್ಕೊಂಡ ಇರಾಕ ಆಗವಲ್ದ...”

“ನಿಮಗ ಆಗವಲ್ದ ಅಂತ ಹೇಳಿದ್ರಿ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. “ಅವ್ವನ್ನ ನಾ ನೋಡ್ಕೊಳ್ಳಲಿಲ್ಲ. ನನ್ನ ಸಂಸಾರದಾಗ ನಂಗ ಬರಾಕ ಆಗಲಿಲ್ಲ. ಆಕಿ ಹತ್ರ ನೀವಿದ್ರಿ ಅನ್ನೂದೊಂದ ಸಮಾಧಾನ ಇತ್ತ್ರಿ ನಂಗ. ಅದನ್ನೂ ತಗೊಂಡ್ರಿ.”

ಎದ್ದು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ. ನಾನು ಸ್ವಲ್ಪ ಹೊತ್ತು ಕಾದು, ಚಹಾದ ಬಟ್ಟಲನ್ನು ತೊಳೆದಿಟ್ಟು ಬಂದೆ.

ಆವತ್ತಿನಿಂದ ಶಾಂತವ್ವ ನಮ್ಮ ಮನೆಗೆ ಬಂದಿಲ್ಲ. “ನಿಂಗ ಬಾಯಿ ಮುಚ್ಕೊಂಡ ಇರಾಕ ಆಗಲಿಲ್ಲ” ಎಂದು ಇವರು ಬೈದರು. ಆ ಒಂದು ಮಾತು ಸರಿಯಾಗಿತ್ತು. ತಾಯಿಗೆ ಮಾಡಿದ್ದನ್ನೇ ಮಗಳಿಗೂ ಮಾಡಿದೆ — ನನಗೆ ಬೇಕಾದದ್ದಕ್ಕಾಗಿ ಇನ್ನೊಬ್ಬರದನ್ನು ಕಸಿದುಕೊಂಡೆ. ಈ ಸಲ ಬಾಯಿಂದ ಬಂದದ್ದು ಖರೆ ಮಾತು ಎಂಬುದಷ್ಟೇ ವ್ಯತ್ಯಾಸ.

ಮಗಳ ಮದುವೆಯನ್ನೋ ಮನೆಯ ಯಾವುದೋ ಕಾರ್ಯವನ್ನೋ ನೆಪ ಮಾಡಿ ಶಾಂತವ್ವನನ್ನು ಕರೆಸು ಎಂದು ಇವರು ಹೇಳುತ್ತಾರೆ. ನಾನು ಕರೆಸುವುದಿಲ್ಲ. ಬರಬೇಕು ಅನ್ನಿಸಿದ ದಿನ ಬರಲಿ, ಬರದಿದ್ದರೆ ಬೇಡ. ಅವಳೆದುರು ಇನ್ನೊಂದು ನೆಪ ಹೇಳುವವಳು ನಾನಲ್ಲ.