ನೀಲಾವತಿಯ ಮೊದಲ ಸಾಬೂನು

ಮೂಡುಬಿದಿರೆಯ ಒಂದು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ನೀಲಾವತಿ ಇಪ್ಪತ್ತೊಂಬತ್ತು ವರ್ಷ ಅಟೆಂಡರ್ ಆಗಿದ್ದರು. ಓದಿದ್ದು ಏಳನೇ ತರಗತಿ. ಆದರೂ ಯಾವ ಬಾಟಲಿ ಯಾವ ಕಪಾಟಿನಲ್ಲಿದೆ, ಯಾವುದರ ಪಕ್ಕ ಯಾವುದನ್ನು ಇಡಬಾರದು ಎಂಬುದನ್ನೆಲ್ಲ ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದರು. ನಿವೃತ್ತಿಯಾಗಿ ಮೂರು ವರ್ಷವಾದರೂ, ಬೆಳಿಗ್ಗೆ ಏಳೂವರೆಯ ಬಸ್ಸು ಅವರ ಊರಾದ ವಾಮದಪದವಿನ ತಿರುವಿನಲ್ಲಿ ಹಾರ್ನ್ ಹಾಕಿದರೆ ಅವರ ಕೈ ತಾನಾಗಿ ಸೆರಗು ಸರಿಮಾಡಿಕೊಳ್ಳುತ್ತಿತ್ತು.

ವರ್ಷಕ್ಕೊಮ್ಮೆ ಸಾಬೂನು ಮಾಡುವ ಪ್ರಯೋಗ ಬರುತ್ತಿತ್ತು. ಅಂದು ಲ್ಯಾಬಿನಲ್ಲಿ ಆ್ಯಸಿಡ್ಡಿನ ಘಾಟು ಅಡಗಿ, ತೆಂಗಿನೆಣ್ಣೆಯ ಪರಿಮಳ ವರಾಂಡದವರೆಗೂ ಹರಡುತ್ತಿತ್ತು. ಬಿಜಾಪುರ, ರಾಯಚೂರಿನ ಕಡೆಯಿಂದ ಬಂದ ಹುಡುಗಿಯರು, "ನೀಲಕ್ಕಾ, ಎಣ್ಣಿ ಎಲ್ಲೈತ್ರೀ?" ಎಂದು ಸೆರಗು ಹಿಡಿದು ಕೇಳುವರು. ನೀಲಾವತಿ ಎಲ್ಲವನ್ನೂ ಮೇಜಿನ ಮೇಲೆ ಜೋಡಿಸಿಟ್ಟು, ಸಂಜೆ ಬೀಕರುಗಳನ್ನು ತಿಕ್ಕಿ ತೊಳೆಯುವರು. ಒಮ್ಮೆ ಉಪನ್ಯಾಸಕ ಸುಧಾಕರ, "ನೀವೂ ಒಮ್ಮೆ ಮಾಡಿ ನೋಡಿ ನೀಲಾವತಿ" ಎಂದಿದ್ದರು. "ನನಗೆ ಯಾಕೆ ಸಾರ್, ಮಕ್ಕಳು ಮಾಡಲಿ" ಎಂದು ನಕ್ಕು ಬಂದಿದ್ದರು. ಮಾಡಬೇಕೆಂದು ಎಷ್ಟು ಆಸೆಯಿತ್ತು ಎನ್ನುವುದು ಆ ರಾತ್ರಿ ಮನೆಯಲ್ಲಿ ಪಾತ್ರೆ ತೊಳೆಯುವಾಗಷ್ಟೇ ಅವರಿಗೆ ತಿಳಿಯಿತು.

ಈ ವರ್ಷ ಊರಿನ ಮಹಿಳಾ ಸಂಘದವರು ಹಾಲಿನ ಸೊಸೈಟಿಯ ಕೋಣೆಯಲ್ಲಿ ಸಾಬೂನು ತಯಾರಿಯ ತರಬೇತಿ ಇಟ್ಟರು. ಕಲಿಸಲು ಮುಂಡಾಜೆಯಿಂದ ವಿಸ್ಮಿತಾ ಎಂಬ ಹುಡುಗಿ ಬಂದಿದ್ದಳು. ಕಲಿಯಲು ಹನ್ನೊಂದು ಮಂದಿ ಹೆಂಗಸರು, ಎಲ್ಲರೂ ಹೊಸಬರು. ನೀಲಾವತಿ ಲ್ಯಾಬಿನ ಮಾತೆತ್ತದೆ, ನೆರೆಮನೆಯ ಪಾತುಮ್ಮನ ಪಕ್ಕ ಹಿಂದಿನ ಬೆಂಚಿನಲ್ಲಿ ಕುಳಿತರು.

ವಿಸ್ಮಿತಾ ಕಾಸ್ಟಿಕ್ ಸೋಡಾವನ್ನು ತೂಗಿ ಸ್ಟೀಲ್ ಪಾತ್ರೆಗಳಲ್ಲಿ ಹಂಚಿದಳು. "ಯಾರೂ ಮುಟ್ಟಬೇಡಿ, ಕೈಗವಸು ತರ್ತೇನೆ" ಎಂದು ಹೊರಗೆ ನಿಲ್ಲಿಸಿದ್ದ ಸ್ಕೂಟರಿನ ಕಡೆ ಹೋದಳು. ಪಾತುಮ್ಮ ಚುರುಕಿನ ಹೆಂಗಸು, ಕಾಯುವುದು ಅವರ ಜಾಯಮಾನವಲ್ಲ. ನೀರಿನ ಚೊಂಬು ಎತ್ತಿ ಸೋಡಾದ ಪಾತ್ರೆಗೆ ಸುರಿಯಲು ಹೊರಟರು.

"ಪಾತುಮ್ಮಾ, ನಿಲ್ಲಿ!"

ನೀಲಾವತಿಯ ಕೂಗಿಗೆ ಎಲ್ಲರೂ ಹಿಂದಕ್ಕೆ ತಿರುಗಿದರು. ಅವರು ಪಾತುಮ್ಮನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಿದ್ದರು. "ನೀರಿಗೆ ಸೋಡಾ ಹಾಕಬೇಕು, ಅದೂ ಸ್ವಲ್ಪ ಸ್ವಲ್ಪವೇ. ಸೋಡಾದ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಹಾರ್ತದೆ."

ಬಾಗಿಲಲ್ಲಿ ನಿಂತಿದ್ದ ವಿಸ್ಮಿತಾಳ ಮುಖ ಬಿಳಿಚಿಕೊಂಡಿತ್ತು. "ಅಕ್ಕ, ನಿಮಗೆ ಹೇಗೆ ಗೊತ್ತು?"

ನೀಲಾವತಿ ಆಗ ಹೇಳಬೇಕಾಯಿತು. ಮಾತು ಶುರುವಾದದ್ದೇ ತಡ, ಲ್ಯಾಬು, ಹುಡುಗಿಯರು, ಒಡೆದ ಬೀಕರನ್ನು ಬ್ಯಾಗಿನಲ್ಲಿ ಅಡಗಿಸಿಟ್ಟು ಅತ್ತ ಒಬ್ಬಳು, ಹೋಗುವಾಗ ಕಾಲಿಗೆ ಬಿದ್ದ ಇನ್ನೊಬ್ಬಳು, ಎಲ್ಲ ಬಂದವು. "ಹಾಗಾದರೆ ನೀವೇ ನಮ್ಮ ಟೀಚರ್" ಎಂದರು ಪಾತುಮ್ಮ, ಇನ್ನೂ ಮಣಿಕಟ್ಟು ಉಜ್ಜಿಕೊಳ್ಳುತ್ತ.

ಆ ಮಾತು ನೀಲಾವತಿಯ ತಲೆಗೆ ಸ್ವಲ್ಪ ಏರಿತು. ಮಾರನೆಯ ದಿನ ಮನೆಯಲ್ಲಿ ತಾವೊಬ್ಬರೇ ಸಾಬೂನು ಮಾಡಲು ಕುಳಿತರು. ಬರೆದುಕೊಂಡಿದ್ದ ಚೀಟಿ ನೋಡಲಿಲ್ಲ. ಮುಕ್ಕಾಲು ಗಂಟೆ ಮರದ ಸೌಟಿನಲ್ಲಿ ಕಲಕಿದಾಗ ಮಿಶ್ರಣ ಇಡ್ಲಿ ಹಿಟ್ಟಿನಷ್ಟು ದಪ್ಪವಾಯಿತು. ಅಚ್ಚಿಗೆ ಹೊಯ್ದು ಮರುದಿನ ಕತ್ತರಿಸಿದರೆ ಹಾಲಿನಂಥ ಬಿಳುಪು. ಅವರಿಗೆ ಹಿಡಿಸಲಾರದಷ್ಟು ಸಂತೋಷ.

ಅದು ಒಣಗಲು ತಿಂಗಳು ಬೇಕು ಎಂದು ಹೇಳುವಷ್ಟರಲ್ಲಿ ಗಂಡ ರುಕ್ಮಯ್ಯ ರಬ್ಬರ್ ಹಾಲು ಮೆತ್ತಿದ ಕೈಗೆ ಒಂದು ತುಂಡು ತಿಕ್ಕಿಯಾಗಿತ್ತು. "ಉರಿಯುತ್ತದೆ ಮಾರಾಯ್ತಿ! ಇದರಲ್ಲಿ ತೊಳೆದರೆ ಹಣೆಬರಹವೇ ಅಳಿಸಿ ಹೋದೀತು!"

ಹೊಸ ಸಾಬೂನು ಎಂದರೆ ಹಾಗೆಯೇ ಎಂದು ನೀಲಾವತಿ ಸಮಾಧಾನ ಹೇಳಿಕೊಂಡರು. ಹತ್ತು ದಿನ ಬಿಟ್ಟು ತಾವೇ ತಿಕ್ಕಿ ನೋಡಿದರು. ಉರಿ ಹಾಗೆಯೇ ಇತ್ತು. ಅಂದು ಊಟ ಸೇರಲಿಲ್ಲ. ಇಷ್ಟು ವರ್ಷ ಪಕ್ಕದಲ್ಲಿ ನಿಂತು ನೋಡಿದ್ದನ್ನೇ ಕಲಿತದ್ದು ಎಂದುಕೊಂಡೆನಲ್ಲ ಎಂದು ನಾಚಿಕೆಯಾಯಿತು. ಎರಡು ದಿನ ಕಳೆದು ವಿಸ್ಮಿತಾಳಿಗೆ ಫೋನ್ ಮಾಡಿದರು.

"ಎಣ್ಣೆ ಎಷ್ಟು ಹಾಕಿದ್ದು ಅಕ್ಕ?"

"ನೀನು ಹೇಳಿದಷ್ಟೇ. ಒಂದು ಲೀಟರ್."

ಆ ಕಡೆಯಿಂದ ನಗು ಕೇಳಿಸಿತು. "ನಾನು ಹೇಳಿದ್ದು ಒಂದು ಕಿಲೋ. ಲೀಟರ್ ಎಣ್ಣೆ ಕಿಲೋ ತೂಗುವುದಿಲ್ಲ, ಹಾಗಾಗಿ ಎಣ್ಣೆ ಕಡಿಮೆ ಆಯಿತು, ಸೋಡಾ ಉಳಿಯಿತು. ನಾನೂ ಮೊದಲ ಸಲ ಹಾಗೇ ಮಾಡಿದ್ದೆ. ಬಿಸಾಡಬೇಡಿ. ತುರಿದು, ಇನ್ನೂ ನೂರು ಗ್ರಾಂ ಎಣ್ಣೆ, ಸ್ವಲ್ಪ ನೀರು ಹಾಕಿ ಸಣ್ಣ ಉರಿಯಲ್ಲಿ ಕರಗಿಸುವ. ಸರಿಯಾಗ್ತದೆ."

ಸುದ್ದಿ ಕೇಳಿದ ಪಾತುಮ್ಮ ಕೈಗವಸು ಹಾಕಿಕೊಂಡೇ ಗೇಟು ದಾಟಿ ಬಂದರು. ಇಬ್ಬರೂ ಹಿತ್ತಿಲಿನ ಜಗಲಿಯಲ್ಲಿ ಕುಳಿತು ಸಾಬೂನು ತುರಿದರು. ಪಾತುಮ್ಮ ತಮ್ಮ ಅಜ್ಜಿ ದಾಸವಾಳದ ಎಲೆ ಹಿಂಡಿ ಗೊಂಪು ಮಾಡಿ, ಕೆರೆಯ ಕಲ್ಲಿನ ಮೇಲೆ ತಮ್ಮನ್ನು ಕೂರಿಸಿ ತಲೆ ತೊಳೆಯುತ್ತಿದ್ದುದನ್ನು ಹೇಳಿದರು. ಆ ಲೋಳೆ ಕಣ್ಣಿಗೆ ಹೋದರೂ ಉರಿಯುತ್ತಿರಲಿಲ್ಲವಂತೆ. ನೀಲಾವತಿ ತಮ್ಮ ತಾಯಿ ಅಂಟುವಾಳದ ನೊರೆಯಲ್ಲಿ ಮದುವೆಯ ಸೀರೆಯನ್ನು ಮಗುವನ್ನು ಮೀಯಿಸುವ ಹಾಗೆ ಒಗೆಯುತ್ತಿದ್ದುದನ್ನು ನೆನೆದರು. ತುರಿದದ್ದನ್ನು ಎಣ್ಣೆಯೊಂದಿಗೆ ಒಲೆಯ ಮೇಲಿಟ್ಟಾಗ ಪರಿಮಳ ಹಿತ್ತಿಲಿಡೀ ಹರಡಿತು.

ಎರಡನೇ ಸಲ ಬಂದ ಸಾಬೂನಿಗೆ ಅಂದವಿರಲಿಲ್ಲ. ಮೈಯೆಲ್ಲ ಗಂಟು. ಆದರೆ ಒಂದು ತಿಂಗಳಾದ ಮೇಲೆ ರುಕ್ಮಯ್ಯ ಅದರಲ್ಲೇ ಮಿಂದು ಬಂದರು. ಮರುದಿನವೂ ಅದನ್ನೇ ಕೇಳಿ ತೆಗೆದುಕೊಂಡು ಹೋದರು.

ಈಚೆಗೆ ವಿಸ್ಮಿತಾಳ ಫೋನ್ ಬಂತು. "ಮುಂದಿನ ವಾರ ಮುಂಡಾಜೆಯಲ್ಲಿ ಹೊಸಬರ ತರಬೇತಿ ಉಂಟು. ನೀವು ಸೋಡಾದ ಮೇಜಿನ ಹತ್ತಿರ ನಿಂತರೆ ನನಗೆ ಧೈರ್ಯ ಅಕ್ಕ. ಬರ್ತೀರಾ?"

"ಬರ್ತೇನೆ. ಆದರೆ ಬರೀ ನಿಲ್ಲುವುದಕ್ಕಲ್ಲ. ನನಗೂ ಒಂದು ಅಚ್ಚು ತೆಗೆದಿಡು."