ತಮ್ಮನಿಗೆ ಬಂದ ಸೊನ್ನೆ

ಮಣಿಪಾಲದ ಒಂದು ಸೈಬರ್ ಕೆಫೆಯ ಕಂಪ್ಯೂಟರ್ ನನ್ನ ಮಾನಸಿಕ ಸ್ಥಿತಿ ಗಂಭೀರವಾಗಿದೆ ಎಂದಿತು. ಅದೇ ಕಂಪ್ಯೂಟರ್ ನನ್ನ ತಮ್ಮನಿಗೆ ಅಭಿನಂದನೆ ಹೇಳಿತು. ಎರಡೂ ಸುಳ್ಳು.

ತಮ್ಮ ವಾಸು ಮೂವತ್ತು ವರ್ಷ ಕಾರ್ಕಳದ ಬಸ್‌ಸ್ಟ್ಯಾಂಡಿನಲ್ಲಿ ಟೈಮ್‌ಕೀಪರ್ ಆಗಿದ್ದವನು. ನಿವೃತ್ತನಾದ ಮೇಲೂ ಹಿರಿಯಡ್ಕದ ಮನೆಯ ಜಗಲಿಯಲ್ಲಿ ಕೂತು, ರಸ್ತೆಯಲ್ಲಿ ಹೋಗುವ ಪ್ರತಿ ಬಸ್ಸಿಗೂ ತೀರ್ಪು ಕೊಡುತ್ತಿದ್ದ. "ಮೂರು ನಿಮಿಷ ಲೇಟ್." ಕೇಳಿ ಕೇಳಿ ನಮಗೆ ಸಾಕಾಗಿತ್ತು.

ವಿಷು ಹಬ್ಬ ಕಳೆದ ಮೇಲೆ ಅದು ನಿಂತಿತು. ಬಸ್ಸುಗಳು ಹೋದವು, ಅವನು ತಲೆ ಎತ್ತಲಿಲ್ಲ. ಊಟ ಅರ್ಧ, ನಿದ್ದೆ ಕಾಲು. (ಮೂವತ್ತೈದು ವರ್ಷ ಹಾಜರಿ ಕರೆದವಳು ನಾನು. ತರಗತಿಯಲ್ಲಿ ಕೂತೇ ಗೈರುಹಾಜರಾದವರು ನನಗೆ ಗೊತ್ತಾಗುತ್ತಾರೆ.) ಮಣಿಪಾಲದಲ್ಲಿ ಮನೋವೈದ್ಯರ ಅಪಾಯಿಂಟ್‌ಮೆಂಟ್ ತೆಗೆದುಕೊಂಡೆ.

ಡಾಕ್ಟರ ಹತ್ತಿರ ಹೋಗುವ ಹಿಂದಿನ ದಿನ ಅವನ ಮಗಳು ಪ್ರತಿಮಾಳ ಫೋನ್. "ಅತ್ತೆ, ಡಾಕ್ಟರ್ ಬೇಡ. ಅಪ್ಪನಿಗೆ ನೆಟ್ಟಿನಲ್ಲಿ ಟೆಸ್ಟ್ ಮಾಡಿದೆ. ಇಪ್ಪತ್ತು ಪ್ರಶ್ನೆ. ಸೊನ್ನೆ ಬಂತು. ಸೊನ್ನೆ ಅಂದರೆ ನಾರ್ಮಲ್. ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ ಮಾಡಿದೆ."

"ಪ್ರಶ್ನೆ ಕೇಳಿದ್ದು ಯಾರು?"

"ನಾನೇ. ಎಲ್ಲ ಇಂಗ್ಲಿಷಿನಲ್ಲಿ ಉಂಟಲ್ವಾ? ತುಳುವಿನಲ್ಲಿ ಹೇಳಿ ಕೇಳಿದೆ."

"ಎಲ್ಲಿ?"

"ಕೆಫೆಯಲ್ಲಿ. ಸ್ವಲ್ಪ ರಶ್ ಇತ್ತು."

'ಬದುಕಿ ಪ್ರಯೋಜನವಿಲ್ಲ ಅನ್ನಿಸುತ್ತದೆಯೆ?' ಎಂದು ಹೆತ್ತ ಮಗಳು ಹತ್ತು ಜನರ ನಡುವೆ ಕೇಳಿದರೆ ಯಾವ ಅಪ್ಪ ಹೌದು ಎನ್ನುತ್ತಾನೆ? ಇಪ್ಪತ್ತಕ್ಕೂ ಇಲ್ಲ ಎಂದಿದ್ದಾನೆ. ಮಗಳನ್ನು ಸಮಾಧಾನಪಡಿಸಿದ್ದಾನೆ, ಅಷ್ಟೆ.

ಆ ಸಂಜೆಯೇ ನನ್ನ ಮನೆ ಹತ್ತಿರದ ಕಡಿಯಾಳಿಯಲ್ಲಿ ಮಣಿಪಾಲದ ಬಸ್ಸು ಹತ್ತಿದೆ. ಅದೇ ಕೆಫೆಯಲ್ಲಿ ಪ್ರತಿಮಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ಟೆಸ್ಟನ್ನು ನಾನು ಮಾಡಿದೆ, ಸತ್ಯವಾಗಿ. ಬೀಗ ಹಾಕಿ ಮತ್ತೆ ಎಳೆದು ನೋಡುತ್ತೀರಾ? ಹೌದು. ವಸ್ತುಗಳ ಜಾಗ ಬದಲಾದರೆ ಸಿಟ್ಟು? ಹೌದು. ಬೆಳಕು ಹರಿಯುವ ಮೊದಲೇ ಎಚ್ಚರ? ಐವತ್ತು ವರ್ಷಗಳಿಂದ! ಫಲಿತಾಂಶ: ಗಂಭೀರ. ಕೆಳಗೆ ಯಾವುದೋ ಗುಳಿಗೆಯ ಜಾಹೀರಾತು. ಟೆಸ್ಟ್ ತಯಾರಿಸಿದವರ ಹೆಸರು ಮಾತ್ರ ಎಲ್ಲೂ ಇಲ್ಲ. (ನಮ್ಮ ಶಾಲೆಯ ಕಿರುಪರೀಕ್ಷೆಗೂ ಒಬ್ಬರು ಜವಾಬ್ದಾರರು ಇರುತ್ತಿದ್ದರು.)

"ಈಗ ಡಾಕ್ಟರ ಹತ್ತಿರ ಯಾರು ಹೋಗಬೇಕು ಮಾರಾಯ್ತಿ, ನಾನಾ ನಿನ್ನ ಅಪ್ಪನಾ?"

ಪ್ರತಿಮಾ ಅಳತೊಡಗಿದಳು. "ಅಪ್ಪನಿಗೆ ಏನೂ ಇಲ್ಲ ಅಂತ ಯಾರಾದರೂ ಹೇಳಲಿ ಅಂತ ಇತ್ತು ಅತ್ತೆ."

ಬೈಯಲು ಬಂದವಳು ಸೆರಗಿನಿಂದ ಅವಳ ಕಣ್ಣೊರೆಸಿದೆ.

ಕ್ಯಾನ್ಸಲ್ ಆದ ಅಪಾಯಿಂಟ್‌ಮೆಂಟ್ ಮತ್ತೆ ಸಿಗಲು ಹನ್ನೆರಡು ದಿನ ಬೇಕಾಯಿತು. ಅಷ್ಟು ದಿನವೂ ನಾನು ವಾಸುವನ್ನು ಬಿಟ್ಟು ಅಲುಗಲಿಲ್ಲ.

ಡಾಕ್ಟರು ಮೊದಲು ನಮ್ಮೆಲ್ಲರನ್ನೂ ಹೊರಗೆ ಕಳಿಸಿದರು. (ನನ್ನನ್ನೂ!) ಮುಕ್ಕಾಲು ಗಂಟೆ ಅವನೊಬ್ಬನ ಜೊತೆ ಮಾತಾಡಿದರು. ಆಮೇಲೆ ನನಗೆ ಹೇಳಿದರು: "ಪ್ರಶ್ನಾವಳಿ ನಮ್ಮಲ್ಲೂ ಉಂಟು ಟೀಚರೇ. ಆದರೆ ಅದನ್ನು ಯಾರು ಮಾಡಿದ್ದು, ಯಾರು ಕೇಳಿದ್ದು, ಯಾರೆದುರು ಕೇಳಿದ್ದು ನೋಡಬೇಕು. ಸೊನ್ನೆ ಬಂತು ಅಂತ ಬಿಟ್ಟಿದ್ದರೆ ಕಷ್ಟ ಇತ್ತು."

ಚಿಕಿತ್ಸೆ ಶುರುವಾಗಿ ಎರಡು ತಿಂಗಳು. ಮೊನ್ನೆ ಭಾನುವಾರ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದೆವು. ಹೆಬ್ರಿಯ ಬಸ್ಸು ಹೋಯಿತು. ವಾಸು ಲೋಟ ಕೆಳಗಿಟ್ಟ.

"ನಾಲ್ಕು ನಿಮಿಷ ಲೇಟ್, ಅಕ್ಕ. ಇವ ಎಂತ, ಎತ್ತಿನಗಾಡಿ ಓಡಿಸುವುದಾ?"

ಇದಕ್ಕೆ ಎಷ್ಟು ಅಂಕ, ಕಂಪ್ಯೂಟರ್ ಮಹಾಶಯರೇ?